ಆರನೇ ಎಸಳು

ಲೋಮೆಯ ಮಾರುಕಟ್ಟೆಯಲ್ಲಿ, ಒಣಮೀನಿನ ವಾಸನೆ ಮುಗಿದು
ಹೊಸ ಬಟ್ಟೆಯ ಗಂಜಿ ವಾಸನೆ ಶುರುವಾಗುವ ಕಡೆ
ನನ್ನ ಹೊಲಿಗೆ ಯಂತ್ರ.
ಮೂವತ್ತೊಂದು ವರ್ಷದಿಂದ ಹೂ ಕತ್ತರಿಸುತ್ತಿದ್ದೇನೆ,
ತೋಟ ಇಟ್ಟವನಲ್ಲ.

ಹೂಗಳು ಬರುವುದು ಹಡಗಿನಲ್ಲಿ, ಹಾಲೆಂಡಿನಿಂದ,
ಆರಾರು ಗಜದ ಮಡಿಕೆಯಾಗಿ.
ಅಂಚಿನಲ್ಲಿ ಒಂದು ನಂಬರು, ಹೆಸರಿಲ್ಲ.
ಹೆಸರಿಡುವವಳು ಅಯೊಕೊ ಅಕ್ಕ.
ಗಲ್ಲಾಪೆಟ್ಟಿಗೆಗೆ ಒರಗಿ, ಕೋಲಾ ಕಾಯಿ ಜಗಿಯುತ್ತ
ಥಾನು ಬಿಚ್ಚಿಸಿ ಒಂದು ಗಳಿಗೆ ನೋಡುತ್ತಾಳೆ.
'ಸವತಿಗೆ ಕೇಳಿಸದಿರಲಿ' ಅನ್ನುತ್ತಾಳೆ, ಇಲ್ಲವೇ
'ಸಾಲಕ್ಕೆ ತಂದ ನಗು'.
ಹೆಸರು ಹತ್ತಿದರೆ ಬಟ್ಟೆ ಹತ್ತಿತು.

ಆ ವರ್ಷ ಬಂದದ್ದು ನೀಲಿ ನೆಲ, ಇಟ್ಟಿಗೆ ಕೆಂಪಿನ ಹೂ,
ಯಾವ ಬಳ್ಳಿಯಲ್ಲೂ ಬಿಡದ್ದು, ಅಂಗೈಯಗಲ.
ಎಲ್ಲಕ್ಕೂ ಆರೆಸಳು.
ಗಜಕ್ಕೊಂದು ಹೂವಿಗೆ ಮಾತ್ರ ಐದು.
ಮೊದಲು ಕಂಡವನು ನಾನೇ, ಕತ್ತರಿ ಹಿಡಿದವನ ಕಣ್ಣು.
ತಪ್ಪಾಗಿದೆ ಅಂದೆ.
ಅಯೊಕೊ ಅಕ್ಕ ಆ ಖಾಲಿ ಜಾಗಕ್ಕೆ ಬೆರಳಿಟ್ಟು,
"ತಪ್ಪಲ್ಲವೋ. 'ಹೋದವನು ಒಂದು ಒಯ್ದ'."

ಅಷ್ಟೇ. ಹನ್ನೊಂದು ದಿನಕ್ಕೆ ಗೋದಾಮು ಖಾಲಿ.
ಒಬ್ಬಳಿಗೆ ಐದರ ಹೂ ಎದೆಯ ಮೇಲೇ ಬರಬೇಕು,
ಒಬ್ಬಳಿಗೆ ಬೆನ್ನಿಗೆ, ಅವನು ಹಿಂದಿನಿಂದ ನೋಡಲಿ ಅಂತ.
ಬಂದರಿನಲ್ಲಿ ಲೆಕ್ಕ ಬರೆಯುವ ಅಫಿವಾ ಮಾತ್ರ ದನಿ ತಗ್ಗಿಸಿ
"ಲಂಗದ ಒಳಮಡಿಕೆಗೆ ಹಾಕು,
ನನಗೆ ಗೊತ್ತಿದ್ದರೆ ಸಾಕು" ಅಂದಳು.

ರಾತ್ರಿ ಯಂತ್ರಕ್ಕೆ ಎಣ್ಣೆ ಬಿಡುವಾಗ ಅನ್ನಿಸುತ್ತದೆ:
ಆ ಚಳಿಯೂರಲ್ಲಿ ಬರೆಯುತ್ತ ಕೂತ ಕೈ
ಐದು ಮುಗಿಸಿ ಆರಕ್ಕೆ ಹೊರಳುವಾಗ
ಫೋನು ಬಂದಿತ್ತೆ? ಯಾರ ಸುದ್ದಿ?
ಅಥವಾ ಬರೀ ಚಹಾ ಆರುತ್ತಿತ್ತೊ.

ಮರುವರ್ಷ ಅದೇ ಹೂ, ಅದೇ ನಂಬರು.
ಎಲ್ಲಕ್ಕೂ ಆರು.
ಯಾರೋ ಜಾಣರು ತಿದ್ದಿದ್ದರು.
ಮುಟ್ಟಿದವರಿಲ್ಲ. ಅಯೊಕೊ ಅಕ್ಕ ಹೊಸ ಹೆಸರನ್ನೂ ಇಡಲಿಲ್ಲ,
ಅರ್ಧ ಬೆಲೆ ಇಟ್ಟಳು.

ಅರ್ಧ ಬೆಲೆಗೆ ಕೊಂಡವರೆಲ್ಲ ಈಗ ನನ್ನ ಬಾಗಿಲಲ್ಲಿ.
"ಏನಾದರೂ ಮಾಡು."
ಏನು ಮಾಡಲಿ, ಸೊಂಟದ ಹತ್ತಿರ ಒಂದು ಹೂ ಹಿಡಿದು
ಒಂದೆಸಳು ಒಳಗೆ ಮಡಚಿ ಡಾರ್ಟು ಹೊಡೆಯುತ್ತೇನೆ.
ಮೈಗೂ ಚೆನ್ನಾಗಿ ಕೂರುತ್ತದೆ.
ಕೂಲಿ ಎಂದಿನಷ್ಟೇ.

ಬಿಚ್ಚಿಸಲು ಇದುವರೆಗೆ ಬಂದವಳು ಒಬ್ಬಳೇ.
ಅವಳ ಹಿಂದೆ, ಬಾಗಿಲಾಚೆ ಬಿಸಿಲಲ್ಲಿ,
ಯಾರೋ ಒಬ್ಬ ಮೋಟಾರು ಬೈಕಿನ ಮೇಲೆ
ಎಂಜಿನು ಆರಿಸದೆ ಕಾಯುತ್ತಿದ್ದ.