ಚೆಸ್ತೆ, ಮಂಗಳವಾರದ ಟೆಸ್ಟ್

ಮೊನ್ನೆ ಭಾನುವಾರದವರೆಗೆ ನಮ್ಮವನು, ಉನಾಯ್.
ಇವತ್ತು ಪಕ್ಕದ ಗ್ಯಾರೇಜಿನಲ್ಲಿ
ಹೆಸರಿಲ್ಲದ ಕಪ್ಪು ಸೂಟು ತೊಟ್ಟು
ಅವರ ಬೈಕಿನ ಮೇಲೆ ಕೂತಿದ್ದಾನೆ,
ಬೀಗರ ಮನೆಯ ಮೊದಲ ಊಟಕ್ಕೆ ಕೂತಂತೆ.

ಮೂರು ವರ್ಷ ಹೇಳಿದ್ದೇ ಹೇಳಿದ:
ತಿರುವು ದಾಟಿದ ಮೇಲೂ ಒಳಗೇನೋ ನಡುಗುತ್ತದೆ.
ಕಂಪ್ಯೂಟರ್ ಇಲ್ಲವೆಂದಿತು.
ಕುಣಿಯಲಾರದವನಿಗೆ ನೆಲ ಡೊಂಕು
ಅಂದೆವು ಕಾಫಿ ಕುಡಿಯುತ್ತ. ನಾನೂ ನಕ್ಕೆ.

ಆರನೇ ಸುತ್ತಿಗೇ ಪರದೆ ತೋರಿಸಿತು:
ನಮ್ಮ ಬೈಕಿನಲ್ಲಿ ಓಡಿದ್ದಕ್ಕಿಂತ
ಅರ್ಧ ಸೆಕೆಂಡು ಬೇಗ.
ಯಾರೂ ಉಸಿರೆತ್ತಲಿಲ್ಲ.

ನೆಲ ಡೊಂಕೇ ಇತ್ತು.

ಅವನ ಮುರಿದು ಕೂಡಿದ ತೋರುಬೆರಳಿಗೆಂದು
ನಾನು ಅರ ಹಾಕಿ ತಿದ್ದಿದ ಬ್ರೇಕ್ ಹಿಡಿ
ಇನ್ನೂ ಹಾಗೇ ಇದೆ.
ಹೊಸ ಹುಡುಗ, ಡಚ್ಚಿನವನು, ಒತ್ತಿ ನೋಡಿ
"ಇದ್ಯಾಕೆ ಸೊಟ್ಟ?" ಎಂದ.

ಬದಲಿಸುತ್ತೇನೆ ಮಾರಾಯ,
ಮೊದಲು ಒಂದು ಸುತ್ತು ಹೋಗಿ ಬಾ.
ನಡುಗಿದರೆ
ನನಗೊಬ್ಬಳಿಗೆ ಹೇಳು.