ಒಂದೂವರೆ ಅಡಿ

ಕೋಲಾರದ ಕೋಟೆ, ಮನೆ ನಂಬರು ನಲವತ್ತೊಂದು.
ಕಂದಾಯದ ಅಳತೆಗೆ ಬಂದಿದ್ದೇನೆ,
ಟೇಪಿನ ಆ ತುದಿ ಮನೆಯ ಹುಡುಗನ ಕೈಲಿ.

ಮುಂಬಾಗಿಲು ಏಳಡಿ. ಹಜಾರ ಹದಿನಾರು.
ಕಾಫಿ ಕೊಟ್ಟರು, ಸ್ಟೀಲಿನ ಲೋಟದಲ್ಲೇ.
ಕುಡಿದೆ.

ಹಿತ್ತಲ ಗೋಡೆಯಾಚೆ ಸಂದಿ,
ಇಬ್ಬರು ಎದುರಾದರೆ ಒಬ್ಬರು ಗೋಡೆಯಾಗಬೇಕು.
ಮೊಣಕಾಲೆತ್ತರದಲ್ಲಿ ಸಿಮೆಂಟು ಮೆತ್ತಿದ ಚೌಕ,
ತುಕ್ಕು ತಿಂದುಳಿದ ಒಂದು ಕೀಲು.
"ಹಳೇದು ಮೇಡಂ, ಬೆಕ್ಕಿಗೇನೋ" ಅಂದ ಹುಡುಗ.

ಬೆಕ್ಕಿಗಲ್ಲ.
ನಮ್ಮ ಜೇಜಿ ನರಸಕ್ಕ ಇಲ್ಲಿ ಕೂತೇ ಎಳೆಯುತ್ತಿದ್ದಳು
ಡಬ್ಬ. ಮೇಲೆ ಬೂದಿ, ತಲೆಗೆ ಸಿಂಬಿ.
ಯಾರ ಮುಖವನ್ನೂ ಕಾಣದವಳಿಗೆ
ಗೊತ್ತಿತ್ತು ಬೀದಿಯ ಪೂರಾ ಕತೆ:
ಯಾವ ಮಗುವಿಗೆ ಜಂತು, ಯಾವ ಯಜಮಾನನಿಗೆ ರಕ್ತ,
ಏಕಾದಶಿಯ ದಿನ
ಮಡಿಯವರ ಮನೆಯಲ್ಲಿ ಯಾರು ಕದ್ದು ತಿಂದರು.
ಬೀದಿಗೆ ಹೇಳಲಿಲ್ಲ. ನಮಗೆ ಹೇಳಿ ನಕ್ಕಳು,
ನಕ್ಕು, ಉಣ್ಣದೆ ಮಲಗಿದಳು.

ಮಂಡಿಯೂರಿ ಟೇಪು ಹಿಡಿದೆ.
ಅಗಲ ಒಂದಡಿ, ಎತ್ತರ ಒಂದೂವರೆ.

ಬಾಗಿಲು ಎಷ್ಟು, ಎಂದು ಕೇಳುತ್ತದೆ ಫಾರಂ.
ಎರಡು ಅಂತ ಬರೆದಿದ್ದೆ.
ಹೊಡೆದು ಹಾಕಿ
ಮೂರು ಅಂತ ಬರೆದೆ.