ಒಂದು ಸೀಟಿ

ಎದೆ ಮೊದಲು ತಾಳ ತಪ್ಪಿದ್ದು ಮೈಸೂರು ಬ್ಯಾಂಕ್ ಸರ್ಕಲ್ಲಿನಲ್ಲಿ,
ಚಿಲ್ಲರೆ ಎಣಿಸುತ್ತಿದ್ದಾಗ.
ಕಾಸಿನ ಚೀಲಕ್ಕೆ ಇಲಿ ಬಿದ್ದ ಹಾಗೆ ಒಳಗೆಲ್ಲ ಗಲಗಲ,
ಒಂದು ಬಡಿತಕ್ಕೂ ಇನ್ನೊಂದಕ್ಕೂ ಲೆಕ್ಕವಿಲ್ಲ.
ನೂರರ ನೋಟು ಕೊಟ್ಟವನಿಗೆ
ಟಿಕೆಟ್ಟೂ ಕೊಟ್ಟು ನೂರೈದು ವಾಪಸು ಕೊಟ್ಟೆ.
ಅವನು ಇಳಿದು, ತಿರುಗಿ ನೋಡದೆ ಹೋದ.

ತೊಡೆಸಂದಿಯಿಂದ ತಂತಿ ಏರಿಸಿದರು.
ಶ್ವಾಸಕೋಶದಿಂದ ಗುಂಡಿಗೆಗೆ ಬರುವ ನಾಲ್ಕು ರಕ್ತನಾಳ,
ಅವುಗಳ ಬಾಯಿ ಸುತ್ತ ಚುಕ್ಕಿ ಚುಕ್ಕಿ ಸುಟ್ಟು
ತಂಟೆಕೋರ ಕರೆಂಟಿಗೆ ಬೇಲಿ ಹಾಕಿದರು.
ಹೊನ್ನಗಂಗಯ್ಯ, ನನ್ನ ಡ್ರೈವರು, ಎಳನೀರು ಹಿಡಿದು ಬಂದಿದ್ದ:
"ಈಗ ಇಂಜಿನ್ನು ಹೆಂಗೈತೆ, ಚಿಕ್ಕತಾಯಮ್ಮ?"
ಮಣಿಕಟ್ಟು ಚಾಚಿದೆ. ಬೆರಳಿಟ್ಟು ನೋಡಿ ಅಂದ,
"ಹೊಸ ಗಾಡಿ."

ಮೂರು ತಿಂಗಳು ಹೊಸ ಗಾಡಿಯೇ.
ಆಮೇಲೆ ಮೆಜೆಸ್ಟಿಕ್ಕಿನ ಸಬ್‌ವೇ ಮೆಟ್ಟಿಲು
ದಿನಕ್ಕೊಂದು ಬೆರಳು ಎತ್ತರವಾದವು.
ಕೆಮ್ಮು ಬಂತು. ಧೂಳು ಅಂದರು, ಈ ಊರಲ್ಲಿ ಯಾರಿಗಿಲ್ಲ?
ಇನ್‌ಹೇಲರ್ ಬರೆದರು. ಮನೆ ಹತ್ತಿರ ಪಾರಿವಾಳ ಇವೆಯಾ ಅಂದರು.
ಕಫದಲ್ಲಿ ಕೆಂಪು ಎಳೆ ಕಂಡ ದಿನ
ಡಬ್ಬಿ ಕೊಟ್ಟು ಉಗಿಸಿದರು, ಟಿಬಿ ಇರಬಹುದು.
ಮಗಳು ನನ್ನ ಲೋಟ ಬೇರೆ ಮಾಡಿದಳು,
ನನಗೆ ಗೊತ್ತಾಗದ ಹಾಗೆ. ಗೊತ್ತಾಯಿತು.

ಹೃದಯ ಹೇಗಿದೆ ಎಂದು ಕೇಳಿದವರಿಗೆಲ್ಲ
ವಾಸಿಯಾಗಿದೆ ಅಂತ ನಾನೇ ಹೇಳಿದೆ.
ಅವರೂ ಬರೆದುಕೊಂಡರು.
ಗುಂಡಿಗೆಯವರು ಗುಂಡಿಗೆ ನೋಡಿದರು,
ಶ್ವಾಸದವರು ಶ್ವಾಸ ನೋಡಿದರು,
ನಡುವಿನ ರಸ್ತೆ ಯಾರ ವಾರ್ಡಿಗೂ ಸೇರಿರಲಿಲ್ಲ.

ಫರ್ಹಾನಾ ಡಾಕ್ಟರೊಬ್ಬರೇ ಕೇಳಿದ್ದು: ಸುಟ್ಟಿದ್ದು ಯಾವಾಗ?
ಸ್ಕ್ಯಾನನ್ನು ಪರದೆಯ ಮೇಲೆ ತಿರುಗಿಸಿ ತೋರಿಸಿದರು.
ಮೂರು ನಾಳ ದಪ್ಪಗೆ. ಎಡಗಡೆ ಮೇಲಿನದು
ಗುಂಡಿಗೆ ಸೇರುವಲ್ಲಿ ನೂಲಿನಷ್ಟು.
"ಸುಟ್ಟ ಜಾಗ ಮಾಗುವಾಗ ಬಿಗಿಯುತ್ತೆ. ಅಪರೂಪ."
ಅಪರೂಪ! ನೆಂಟರಿಗೆ ಬಾಗಿಲಲ್ಲಿ ಹೇಳುವ ಮಾತು.
ಮಿಕ್ಕ ವಿವರಣೆ ನನಗೆ ಬೇಕಾಗಲಿಲ್ಲ:
ಮೆಟ್ರೋ ಕೆಲಸಕ್ಕೆ ತಗಡು ನಿಲ್ಲಿಸಿದ ನಾಗವಾರದ ರಸ್ತೆ,
ಹಿಂದೆ ಹೆಬ್ಬಾಳದವರೆಗೆ ಹಾರ್ನು,
ಬಾಗಿಲಲ್ಲಿ ಜೋತುಬಿದ್ದು ಕಾಯುವ ನೆತ್ತರು.

ಬಲೂನು ಉಬ್ಬಿಸಿ, ಪೆನ್ನಿನ ಸ್ಪ್ರಿಂಗಿನಂಥದ್ದೊಂದು ಕೂರಿಸಿದ್ದಾರೆ.
ಮತ್ತೆ ಮುಚ್ಚಿಕೊಳ್ಳಬಹುದು, ಮೂರು ತಿಂಗಳಿಗೆ ಬನ್ನಿ.
ಸಿಟ್ಟಿಲ್ಲ ಅಂದರೆ ಸುಳ್ಳು.
ಬಡಿತ ಸರಿ ಮಾಡಿದ ಬೆಂಕಿಯೇ ಉಸಿರಿಗೆ ಅಡ್ಡ ನಿಂತದ್ದು,
ಯಾರನ್ನು ಬೈಯಲಿ? ಪುಟಪುಟಕ್ಕೂ ಸಹಿ ನನ್ನದು,
ಹದಿನಾಲ್ಕು ಪುಟ, ಓದದೆ.
ನಾನೂ ಎಷ್ಟು ಜನರನ್ನು ಹತ್ತಿಸಿಕೊಂಡಿಲ್ಲ,
"ಒಳಗೆ ಜಾಗ ಐತೆ, ಬನ್ನಿ" ಅಂತ.

ಈ ಸಂಜೆ, ಲಗ್ಗೆರೆಯ ಮೂರನೇ ಮಹಡಿಯ ಬಾಲ್ಕನಿ.
ಚೀಲದ ತಳದಿಂದ ಸೀಟಿ ತೆಗೆದೆ,
ಇಪ್ಪತ್ತೆರಡು ವರ್ಷ ಕಚ್ಚಿದ ಹಲ್ಲಿನ ಗುರುತು ಅದರ ಕತ್ತಿನಲ್ಲಿ.
ನಿಲ್ಲಲು ಒಂದು, ಹೊರಡಲು ಎರಡು.
ಊದಿದೆ.
ಕೆಳಗೆ ನೀರಿನ ಕ್ಯಾನಿನ ಹುಡುಗ ಗಕ್ಕನೆ ಬ್ರೇಕು ಹಿಡಿದು
ಒಂದು ಕಾಲು ನೆಲಕ್ಕೂರಿ ಮೇಲೆ ನೋಡಿದ.

ಇನ್ನೂ ನೋಡುತ್ತಿದ್ದಾನೆ.
ತಾಳಪ್ಪ,
ಎರಡಕ್ಕೆ ಉಸಿರು ಕೂಡಿಸುತ್ತಿದ್ದೇನೆ.